ಸೈನ್ ತೀಟಾದಿಂದ ಎಂ.ಟೆಕ್.ವರೆಗೆ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ನೀವು ಓದಿದ ವಿಷಯದ ಬಗ್ಗೆ ನಾಲ್ಕು ಮಾತಾಡಿ ಎಂದು ಸಮಿತಿಯವರು ಹೇಳಿದ್ದಾರೆ. ನಾನು ಓದಿದ್ದು ಎಂ.ಟೆಕ್.; ವಿಷಯ ಕಮ್ಯುನಿಕೇಶನ್ ಮತ್ತು ಸಿಗ್ನಲ್ ಪ್ರೊಸೆಸಿಂಗ್. ಈಗ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಈ ಹೆಸರು ಕೇಳಿ ನಮ್ಮಜ್ಜಿ, "ಅಂದ್ರೆ ಫೋನ್ ರಿಪೇರಿಯೇನವ್ವಾ?" ಎಂದಿದ್ದಳು. ರಿಪೇರಿ ಅಲ್ಲ, ಫೋನಿನೊಳಗೆ ಮಾತು ಹೇಗೆ ಸಾಗಬೇಕು ಎನ್ನುವ ಲೆಕ್ಕ.

ಕಣದಲ್ಲಿ ರಾಗಿ ತೂರುವುದನ್ನು ನೀವೆಲ್ಲ ನೋಡಿದ್ದೀರಿ. ಹೊಟ್ಟು ಗಾಳಿಗೆ ಹಾರುತ್ತದೆ, ಕಾಳು ಕೆಳಗೆ ಬೀಳುತ್ತದೆ. ಸಿಗ್ನಲ್ ಪ್ರೊಸೆಸಿಂಗ್ ಮಾಡುವುದೂ ಇದನ್ನೇ. ಬೇಕಾದ ಸಂಕೇತವೇ ಕಾಳು, ಬೇಡದ ಗದ್ದಲವೇ ಹೊಟ್ಟು. ಆಸ್ಪತ್ರೆಯ ಇಸಿಜಿ ಯಂತ್ರದಲ್ಲಿ, ಕಿವಿ ಕೇಳದವರ ಶ್ರವಣ ಸಾಧನದಲ್ಲಿ, ರೇಡಾರಿನಲ್ಲಿ ನಡೆಯುವುದೆಲ್ಲ ಈ ತೂರುವ ಕೆಲಸ. ಇಲ್ಲಿ ಗಾಳಿಯ ಬದಲು ಗಣಿತ ಇರುತ್ತದೆ, ಅಷ್ಟೇ.

ಕಮ್ಯುನಿಕೇಶನ್ ಎಂದರೆ ಹೊಲದ ಆ ಬದಿಯಲ್ಲಿರುವವರನ್ನು ಗಾಳಿಯಲ್ಲಿ ಕೂಗಿ ಕರೆದ ಹಾಗೆ. ಅರ್ಧ ಮಾತು ಮುಟ್ಟುತ್ತದೆ, ಅರ್ಧ ಗಾಳಿಪಾಲಾಗುತ್ತದೆ. ಆಗ ನಿಧಾನವಾಗಿ ಎರಡೆರಡು ಸಲ ಕೂಗುತ್ತೇವೆ. 1948ರಲ್ಲಿ ಅಮೆರಿಕದ ಕ್ಲಾಡ್ ಶಾನನ್ ಇದಕ್ಕೊಂದು ಲೆಕ್ಕ ಕೊಟ್ಟರು. ಗದ್ದಲವಿರುವ ಪ್ರತಿ ದಾರಿಗೂ ಒಂದು ವೇಗದ ಮಿತಿ ಇದೆ; ಆ ಮಿತಿಯೊಳಗೆ ಜಾಣತನದಿಂದ ಸಂಕೇತ ಕಟ್ಟಿ ಕಳಿಸಿದರೆ ತಪ್ಪನ್ನು ಬೇಕಾದಷ್ಟು ಕಡಿಮೆ ಮಾಡಬಹುದು ಎಂದರು. ಅಂಗಡಿಯ ಕ್ಯೂಆರ್ ಚೀಟಿಯ ನಡುವೆ ಸ್ವಲ್ಪ ಮಸಿ ಹತ್ತಿದರೂ ಫೋನು ಅದನ್ನು ಓದುತ್ತದೆಯಲ್ಲ, ಅದು ರೀಡ್ ಮತ್ತು ಸಾಲೊಮನ್ ಎಂಬಿಬ್ಬರು 1960ರಲ್ಲಿ ಕಟ್ಟಿದ ಅಂಥದೊಂದು ಸಂಕೇತದ ಕೆಲಸ.

ಮಕ್ಕಳೇ, ಈಗ ನಿಮಗಾಗಿ ಒಂದು ಮಾತು. ಹತ್ತನೇ ತರಗತಿಯಲ್ಲಿ "ಈ ಸೈನ್ ತೀಟಾ ಯಾವ ಕೆಲಸಕ್ಕೆ ಬರುತ್ತೆ ಸಾರ್?" ಎಂದು ಕೇಳುತ್ತೀರಿ. ನಾವೂ ಕೇಳಿದ್ದೆವು. ಜಾತ್ರೆಯಲ್ಲಿ ಓಲಗ, ಡೊಳ್ಳು, ತಮಟೆ ಒಟ್ಟಿಗೆ ಬಾರಿಸಿದರೂ ನಿಮ್ಮ ಕಿವಿ ಒಂದೊಂದನ್ನೂ ಬೇರೆಯಾಗಿ ಗುರುತಿಸುತ್ತದೆ. ಯಂತ್ರಕ್ಕೆ ಅದನ್ನು ಕಲಿಸುವುದು ಹೇಗೆ? ಯಾವ ದನಿಯನ್ನೇ ಆಗಲಿ ಸೈನ್ ಅಲೆಗಳಾಗಿ ಬಿಡಿಸಬಹುದು. ಈ ವಿಚಾರದ ಬೇರು ಫ್ರಾನ್ಸಿನ ಫೂರಿಯೇ 1822ರಲ್ಲಿ ಶಾಖದ ಬಗ್ಗೆ ಬರೆದ ಪುಸ್ತಕದಲ್ಲಿದೆ. 1,024 ಅಳತೆಗಳನ್ನು ನೇರವಾಗಿ ಹೀಗೆ ಬಿಡಿಸಲು ಸುಮಾರು ಹತ್ತು ಲಕ್ಷ ಗುಣಾಕಾರ ಬೇಕು. 1965ರಲ್ಲಿ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದ ವಿಧಾನದಲ್ಲಿ ಹತ್ತು ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ. ನಿಮ್ಮ ಫೋನಿನಲ್ಲಿ 4ಜಿ ಓಡುವುದೇ ಈ ಲೆಕ್ಕದ ಮೇಲೆ. ಅದರ ಮೊದಲ ಮೆಟ್ಟಿಲು ನಿಮ್ಮ ಪಠ್ಯಪುಸ್ತಕದ ತ್ರಿಕೋನಮಿತಿ.

ಎಂ.ಟೆಕ್. ಎರಡು ವರ್ಷದ ಓದು. ಸಾಮಾನ್ಯವಾಗಿ ಮೊದಲ ವರ್ಷ ತರಗತಿಗಳು: ಸಂಭವನೀಯತೆ, ಮ್ಯಾಟ್ರಿಕ್ಸ್, ಡಿಜಿಟಲ್ ಕಮ್ಯುನಿಕೇಶನ್, ಮಾಹಿತಿ ಸಿದ್ಧಾಂತ. ಎರಡನೇ ವರ್ಷ ಒಂದೇ ಪ್ರಶ್ನೆ ಹಿಡಿದು ಪ್ರಾಜೆಕ್ಟ್. ಬಿ.ಇ.ಯಲ್ಲಿ ಸೂತ್ರ ಬಳಸಿ ಉತ್ತರ ತೆಗೆದರೆ ನಡೆಯುತ್ತಿತ್ತು. ಇಲ್ಲಿ ಆ ಸೂತ್ರ ಎಲ್ಲಿಂದ ಬಂತು, ಯಾವಾಗ ಕೈಕೊಡುತ್ತದೆ ಎಂದು ಕೇಳುತ್ತಾರೆ. ನನ್ನ ಮೊದಲ ಸೆಮಿಸ್ಟರಿನಲ್ಲಿ ಪಟ್ಟಣದವರ ಇಂಗ್ಲಿಷ್ ಕೇಳಿ ಎದೆ ನಡುಗಿದ್ದು ನಿಜ. ಆದರೆ ಬೋರ್ಡಿನ ಮೇಲೆ ಸಮೀಕರಣ ಬಂದಾಗ ಎಲ್ಲರೂ ಒಂದೇ. ಕನ್ನಡದಲ್ಲಿ ಅರ್ಥ ಮಾಡಿಕೊಂಡ ಗಣಿತ ಇಂಗ್ಲಿಷಿಗೆ ಹೋದರೂ ಕೆಡುವುದಿಲ್ಲ. ಬಾಯಿಪಾಠ ಮಾಡಿದ್ದು ಮಾತ್ರ ಯಾವ ಭಾಷೆಯಲ್ಲೂ ನಿಲ್ಲುವುದಿಲ್ಲ.

ದಾರಿಯನ್ನೂ ಹೇಳಿಬಿಡುತ್ತೇನೆ, ತಂದೆತಾಯಂದಿರೂ ಕೇಳಿ. ಪಿಯುಸಿ ವಿಜ್ಞಾನ, ಸಿಇಟಿ, ಬಿ.ಇ.ಯಲ್ಲಿ ಎಲೆಕ್ಟ್ರಾನಿಕ್ಸ್, ಆಮೇಲೆ ಗೇಟ್ ಪರೀಕ್ಷೆ. ಡಿಪ್ಲೊಮಾ ಮಾಡಿದವರೂ ಬಿ.ಇ.ಯ ಎರಡನೇ ವರ್ಷಕ್ಕೆ ಸೇರಬಹುದು. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮ ಮೀಸಲಾತಿ ಎರಡೂ ಇವೆ. ಒಂದರಿಂದ ಹತ್ತರವರೆಗೆ ಎಲ್ಲಿ, ಯಾವ ಮಾಧ್ಯಮದಲ್ಲಿ ಓದಿದಿರಿ ಎಂಬ ಪ್ರಮಾಣಪತ್ರಕ್ಕೆ ಇದೇ ಶಾಲೆಯ ಹೆಡ್‌ಮಾಸ್ಟರ ಸಹಿ, ಬಿಇಒ ಸಹಿ ಬೇಕು. ಕೊನೆ ದಿನದವರೆಗೆ ಕಾಯಬೇಡಿ.

ಗೇಟ್ ಮೂರು ಗಂಟೆಯ ಪರೀಕ್ಷೆ, 65 ಪ್ರಶ್ನೆ, 100 ಅಂಕ. ಅದರ ಅಂಕ ಮೂರು ವರ್ಷ ನಡೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐಐಟಿಗಳು, ಸುರತ್ಕಲ್ಲಿನ ಎನ್‌ಐಟಿಕೆ ಮುಂತಾದ ಕಡೆ ಎಂ.ಟೆಕ್. ಸೀಟಿಗೆ ಇದೇ ಮುಖ್ಯ ಬಾಗಿಲು. ಗೇಟ್ ಮೂಲಕ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ನಾನು ಬಿ.ಇ. ಮುಗಿಸಿದಾಗ ಮನೆಯಲ್ಲಿ ಸೊಸೈಟಿ ಸಾಲ ಬಾಕಿ ಇತ್ತು, ತಂಗಿಯ ಓದು ಬಾಕಿ ಇತ್ತು, "ಹೆಣ್ಣುಮಗುವಿಗೆ ಇನ್ನೆಷ್ಟು ಓದು?" ಎನ್ನುವ ನೆಂಟರೂ ಇದ್ದರು. ಆಗ ವೇತನದ ಮೊತ್ತ ಈಗಿನಷ್ಟಿರಲಿಲ್ಲ. ಆದರೂ ಹಾಸ್ಟೆಲ್ ಖರ್ಚು ಕಳೆದು ಮನೆಗೊಂದಿಷ್ಟು ಕಳಿಸುವಂತಿತ್ತು. ನಮ್ಮಪ್ಪ ಒಪ್ಪಿದ್ದು ಶಾನನ್ನನ ಸಿದ್ಧಾಂತಕ್ಕಲ್ಲ, ಆ ಹಣಕ್ಕೆ! ಮುಂದೆ ಅದೇ ಅಪ್ಪ ತಂಗಿಯನ್ನು ತಾವಾಗಿ ಓದಲು ಕಳಿಸಿದರು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಹೆಸರಿನ ಮುಂದೆ ಎಂ.ಟೆಕ್. ಇರಲಿ ಎಂದಷ್ಟೇ ಓದಬೇಡಿ. ವಿದ್ಯಾರ್ಥಿವೇತನವಿಲ್ಲದ, ಪ್ರಯೋಗಾಲಯ ಸರಿಯಿಲ್ಲದ ಕಡೆ ಹೊಲ ಅಡವಿಟ್ಟು ಸೇರುವುದಕ್ಕಿಂತ ಬಿ.ಇ. ನಂತರ ಸಿಕ್ಕ ಕೆಲಸಕ್ಕೆ ಸೇರಿ, ಗೇಟ್ ಮತ್ತೆ ಬರೆಯುವುದು ಮೇಲು. ಈ ಓದು ಬೇಕಾಗುವುದು ಚಿಪ್ ವಿನ್ಯಾಸ, ಮೊಬೈಲ್ ಜಾಲ, ರೇಡಾರ್, ಉಪಗ್ರಹ ಮುಂತಾದ ಕೆಲಸಗಳಲ್ಲಿ. ಗಣಿತದ ಮೇಲೆ ಪ್ರೀತಿ ಇದ್ದವರಿಗೆ ಎರಡು ವರ್ಷ ವ್ಯರ್ಥವಾಗುವುದಿಲ್ಲ.

ಇದೆಲ್ಲ ದೂರದ ಮಾತಲ್ಲ. ನಮ್ಮ ಜಿಲ್ಲೆಯ ಹಾಸನದಲ್ಲೇ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. ಬೆಂಗಳೂರಿನ ಹತ್ತಿರ ಬ್ಯಾಲಾಳು ಎಂಬ ಹಳ್ಳಿಯಲ್ಲಿ 32 ಮೀಟರ್ ಅಗಲದ ಆಂಟೆನಾ ಚಂದ್ರಯಾನದ ಸಂಕೇತ ಹಿಡಿಯಿತು. ಅಷ್ಟು ದೂರದಿಂದ ಬಂದ ಸಂಕೇತದ ಶಕ್ತಿ ಹೇಳಲಾರದಷ್ಟು ಸಣ್ಣದು. ಅದನ್ನು ಗದ್ದಲದಿಂದ ಬಿಡಿಸಿ ತೆಗೆಯುವುದೇ ನಾವು ಓದುವ ವಿದ್ಯೆ.

ಕೊನೆಯದಾಗಿ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಐವತ್ತು ವರ್ಷದ ನೆನಪಿಗೆ ಕಮಾನು ಕಟ್ಟಿಸೋಣ, ಬೇಡ ಎನ್ನುವುದಿಲ್ಲ. ಅದರ ಜೊತೆಗೆ, ಹತ್ತನೇ ತರಗತಿ ಪಾಸಾಗಿ ವಿಜ್ಞಾನ ತೆಗೆದುಕೊಳ್ಳುವ ಮಕ್ಕಳಿಗೆ ಪಿಯುಸಿಯ ಮೊದಲ ಮೂರು ತಿಂಗಳು ಗಣಿತ, ಭೌತಶಾಸ್ತ್ರ ಹೇಳಿಕೊಡುವ ಭಾನುವಾರದ ಪಾಠ ಇದೇ ಕಟ್ಟಡದಲ್ಲಿ ನಡೆಯಲಿ. ಕನ್ನಡ ಮಾಧ್ಯಮದಿಂದ ಹೋದ ಮಕ್ಕಳು ಹೆದರುವುದು, ಓದು ಬಿಡುವುದು ಆ ಮೂರು ತಿಂಗಳಲ್ಲೇ. ತಿಂಗಳಿಗೊಂದು ಭಾನುವಾರ ನಾನು ಬರುತ್ತೇನೆ. ಇನ್ನು ಮೂವರು ಕೈ ಎತ್ತಿದರೆ ತಿಂಗಳು ತುಂಬುತ್ತದೆ. ಹೆಡ್‌ಮಾಸ್ಟರು ಕೊಠಡಿಯ ಬೀಗದ ಕೈ ಕೊಡಲು ಒಪ್ಪಿದ್ದಾರೆ.