ಮರೆವಿನ ರೋಗಿಗೆ ನಿಜವನ್ನು ಮರೆಮಾಚಬಹುದೇ?



‘ಅರುವತ್ತಕ್ಕೆ ಅರಳು ಮರಳು’ ಎಂಬ ಮಾತು ನಮ್ಮಲ್ಲಿ ರೂಢಿಯಾಗಿದೆ. ಮುಪ್ಪಿನಲ್ಲಿ ಕನ್ನಡಕವನ್ನು ಎಲ್ಲೋ ಇಟ್ಟು ಹುಡುಕುವುದು ಸಹಜ. ಆದರೆ ಕನ್ನಡಕವನ್ನು ಕೈಯಲ್ಲಿ ಹಿಡಿದು ‘ಇದು ಯಾತಕ್ಕೆ?’ ಎಂದು ಕೇಳುವುದು ಬರಿಯ ಮುಪ್ಪಲ್ಲ, ರೋಗದ ಲಕ್ಷಣ. ವೈದ್ಯರು ಇದನ್ನು ಡಿಮೆನ್ಷಿಯಾ ಎನ್ನುತ್ತಾರೆ. ನಮ್ಮ ದೇಶದಲ್ಲಿ ಅರುವತ್ತು ದಾಟಿದವರ ಪೈಕಿ ಸುಮಾರು 88 ಲಕ್ಷ ಜನರಿಗೆ ಇದು ಇದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ. ನಿಮ್ಮಲ್ಲಿಯೂ ಕೆಲವರ ಮನೆಯಲ್ಲಿ ಇದ್ದೀತು.

ನಮ್ಮ ಮಠದ ಭಕ್ತರೊಬ್ಬರು ನಿವೃತ್ತ ಉಪಾಧ್ಯಾಯರು. ಅವರಿಗೆ ಈ ರೋಗವೆಂದು ನಿಶ್ಚಯವಾದಾಗ ಮಕ್ಕಳು ನಮ್ಮಲ್ಲಿಗೆ ಬಂದು, ‘ಬುದ್ಧಿ, ಅಪ್ಪನಿಗೆ ಹೇಳಬಾರದು, ಎದೆ ಒಡೆದುಕೊಳ್ಳುತ್ತಾರೆ’ ಎಂದರು. ನಾವೂ ಹೂಂ ಎಂದೆವು. ಅದು ನಮ್ಮ ತಪ್ಪು.

ಕೆಲವು ತಿಂಗಳು ಕಳೆದ ಮೇಲೆ ಆ ಹಿರಿಯರೇ ಬಂದರು. ‘ಬುದ್ಧಿ, ನನ್ನನ್ನು ಕಂಡರೆ ಮಕ್ಕಳು ಮಾತು ನಿಲ್ಲಿಸುತ್ತಾರೆ. ಒಂದು ಚೆಕ್ಕಿಗೆ ರುಜು ಹಾಕಲೂ ಬಿಡುವುದಿಲ್ಲ. ನಾನು ಮಾಡಿದ ಅಪರಾಧವೇನು?’ ಎಂದು ಕಣ್ಣೀರು ತಂದರು. ನೋಡಿ, ರೋಗವನ್ನು ನಾವು ಮುಚ್ಚಿಟ್ಟೆವು; ಅವರು ಅಪರಾಧವನ್ನು ಕಲ್ಪಿಸಿಕೊಂಡರು!

ಅಪ್ರಿಯವಾದ ಸತ್ಯವನ್ನು ಹೇಳಬಾರದೆಂಬ ಸುಭಾಷಿತ ನಮಗೂ ಬಾಯಿಪಾಠವೇ. ಆದರೆ ಪ್ರಿಯವೆಂದು ಸುಳ್ಳನ್ನು ಹೇಳಬಾರದೆಂದು ಅದೇ ಶ್ಲೋಕ ಮುಂದೆ ವಿಧಿಸುತ್ತದೆ. ನಾವು ಅರ್ಧವನ್ನು ನೆನೆದು ಅರ್ಧವನ್ನು ಮರೆತಿದ್ದೆವು. ಹಾಗಾದರೆ ಮರೆವಿನ ರೋಗ ಯಾರದು?

ಮಕ್ಕಳನ್ನೂ ವೈದ್ಯರನ್ನೂ ಕರೆಸಿದೆವು. ಅವರೆದುರಿಗೆ ಹಿರಿಯರಿಗೆ ನಿಜವನ್ನು ಮೆಲ್ಲನೆ ತಿಳಿಸಲಾಯಿತು. ಬಹಳ ಹೊತ್ತು ಸುಮ್ಮನಿದ್ದು, ಅತ್ತು, ಆಮೇಲೆ ಅಂದರು: ‘ಸದ್ಯ, ನಾನು ಕೆಟ್ಟವನಾಗಲಿಲ್ಲ. ಕಾಯಿಲೆ ಬಂದಿದೆ, ಅಷ್ಟೇ ತಾನೆ?’

ಬುದ್ಧಿ ತಿಳಿಯಾಗಿದ್ದ ದಿನಗಳಲ್ಲಿ ಅವರು ಜಮೀನಿನ ಕಾಗದಪತ್ರ ಸರಿಮಾಡಿದರು. ಮಾತು ಬಿಟ್ಟಿದ್ದ ತಮ್ಮನನ್ನು ಕರೆಸಿ ಜೊತೆಯಲ್ಲಿ ಉಂಡರು. ಸೊಸೆಗೆ, ‘ತಾಯೀ, ನಾಳೆ ನಾನು ನಿನ್ನನ್ನು ಬೈದರೆ ಅದು ನಾನಲ್ಲ, ನನ್ನ ಕಾಯಿಲೆ’ ಎಂದರು. ಮರೆಮಾಚಿದ್ದರೆ ಈ ಮಾತು ಆಡಲು ಅವರಿಗೆ ಅವಕಾಶವೆಲ್ಲಿತ್ತು? ಬೇರೆ ರೋಗದವನಿಗೆ ನಿಜವನ್ನು ನಾಳೆ ಹೇಳಿದರೂ ತಿಳಿದೀತು. ಈ ರೋಗದವನಿಗೆ ನಾಳೆ ಎಂಬುದೇ ಕೈತಪ್ಪುತ್ತದೆ.

ಅಮೆರಿಕದ ಅಧ್ಯಕ್ಷರಾಗಿದ್ದ ರೇಗನ್ನರು 1994ರ ನವೆಂಬರಿನಲ್ಲಿ ತಮಗೆ ಆಲ್ಜೈಮರ್ ರೋಗವಿದೆಯೆಂದು ತಮ್ಮ ಕೈಯಾರೆ ಪತ್ರ ಬರೆದು ದೇಶಕ್ಕೆ ತಿಳಿಸಿದರು. ಅವರಿಗೆ ನಿಜ ತಿಳಿದಿದ್ದರಿಂದಲ್ಲವೇ ಅದು ಸಾಧ್ಯವಾದದ್ದು? ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯಿದೆಯೂ, ತನ್ನ ಕಾಯಿಲೆ ಏನೆಂದು ತಿಳಿಯುವ ಹಕ್ಕನ್ನೂ, ಮುಂದೆ ಚಿಕಿತ್ಸೆ ಹೇಗಾಗಬೇಕೆಂದು ಮೊದಲೇ ಬರೆದಿಡುವ ಹಕ್ಕನ್ನೂ ರೋಗಿಗೆ ಕೊಟ್ಟಿದೆ.

ಆದರೆ ಸತ್ಯವನ್ನು ಕಲ್ಲಿನಂತೆ ಎಸೆಯಬಾರದು. ಮೊದಲು ಪರೀಕ್ಷೆಯಾಗಲಿ, ಥೈರಾಯ್ಡ್ ದೋಷದಿಂದ, ಬಿ-12 ಜೀವಸತ್ತ್ವದ ಕೊರತೆಯಿಂದ ಬಂದ ಮರೆವು ಚಿಕಿತ್ಸೆಯಿಂದ ಸುಧಾರಿಸಬಹುದು. ಆಲ್ಜೈಮರ್ ಎಂದೇ ನಿಶ್ಚಯವಾದರೆ, ಗುಣಪಡಿಸುವ ಮದ್ದು ಇನ್ನೂ ಇಲ್ಲವೆಂಬುದನ್ನೂ, ಕೆಲವು ಕಾಲ ಅನುಕೂಲ ಮಾಡುವ ಮದ್ದು ಉಂಟೆಂಬುದನ್ನೂ ತಿಳಿಸಿ. ಅವರು ಎಷ್ಟು ಕೇಳುತ್ತಾರೋ ಅಷ್ಟು ಹೇಳಿ. ‘ಈಗ ಬೇಡ’ ಎಂದರೆ ನಿಲ್ಲಿಸಿ. ಹೇಳಿ ಎದ್ದುಹೋಗಬೇಡಿ; ಪಕ್ಕದಲ್ಲಿ ಕುಳಿತಿರಿ. ರೋಗ ಬಲಿತ ಮೇಲೆ, ತೀರಿಹೋದ ಹೆಂಡತಿ ಎಲ್ಲಿ ಎಂದು ದಿನವೂ ಕೇಳುವವರಿಗೆ ದಿನವೂ ಸಾವಿನ ಸುದ್ದಿ ಹೇಳಿ ಅಳಿಸುವುದು ಸತ್ಯನಿಷ್ಠೆಯಲ್ಲ. ‘ಅವರ ನೆನಪಾಯಿತೇ?’ ಎಂದು ಕೈ ಹಿಡಿಯಿರಿ. ದಯೆಯಿಲ್ಲದ ಕಡೆ ಧರ್ಮಕ್ಕೆ ಸ್ಥಾನವಿಲ್ಲ.

ಆ ಹಿರಿಯರು ಅಂದು ನಮ್ಮನ್ನೂ ಒಂದು ಮಾತು ಕೇಳಿದರು: ‘ಬುದ್ಧಿ, ನಾನು ಲಿಂಗಪೂಜೆಯನ್ನೇ ಮರೆತರೆ ಗತಿಯೇನು?’ ‘ನೀವು ಮರೆತರೂ ಶಿವನು ನಿಮ್ಮನ್ನು ಮರೆಯುವುದಿಲ್ಲ’ ಎಂದೆವು. ಇಂದು ಅವರಿಗೆ ಮಗನ ಹೆಸರು ಬಾರದು. ಆದರೂ ಬೆಳಗ್ಗೆ ಸೊಸೆ ಇಷ್ಟಲಿಂಗವನ್ನು ತಂದರೆ ಎಡಗೈ ತಾನಾಗಿಯೇ ಮುಂದೆ ಬರುತ್ತದೆ. ಒಮ್ಮೊಮ್ಮೆ ಅವರು ಬೈಯುತ್ತಾರೆ. ಆ ತಾಯಿ ನಕ್ಕು, ‘ಮಾವನವರು ನನಗೆ ಮೊದಲೇ ಹೇಳಿಟ್ಟಿದ್ದಾರೆ’ ಎನ್ನುತ್ತಾಳೆ.

ನಿಮ್ಮ ಮನೆಯ ಹಿರಿಯರಿಗೂ ಹೀಗೆ ಹೇಳಿಡಲು ಅವಕಾಶ ಮಾಡಿಕೊಡಿ.