ನೆರವಿನ ಕೈ ಯಾರ ಮಾತು ಕೇಳಬೇಕು?



ಗುಮಾಸ್ತನಾದ ನಾನು ಕೌಂಟರಿನಲ್ಲಿ ಕಂಡದ್ದನ್ನೇ ಅರಿಕೆ ಮಾಡುತ್ತೇನೆ. ಕಣ್ಣು ಕಾಣದ ಗ್ರಾಹಕರು ಜೊತೆಗಾರರೊಡನೆ ಬಂದರೆ ಜನ ಜೊತೆಗಾರರನ್ನೇ ಕೇಳುತ್ತಾರೆ: "ಇವರಿಗೆ ಎಷ್ಟು ಬೇಕಂತೆ?" ಹಣ ಒಬ್ಬರದು, ಮಾತು ಇನ್ನೊಬ್ಬರದು! ಇಂಥವರಿಗೆ ಚೆಕ್ ಪುಸ್ತಕ, ಎ.ಟಿ.ಎಂ., ಲಾಕರು ಯಾವುದನ್ನೂ ನಿರಾಕರಿಸಕೂಡದೆಂದು ರಿಸರ್ವ್ ಬ್ಯಾಂಕು 2008ರಲ್ಲಿಯೇ ಸುತ್ತೋಲೆ ಹೊರಡಿಸಿತು.

ಸ್ವೀಡನ್ನಿನಲ್ಲಿ 1994ರಿಂದ ತೀವ್ರ ಅಂಗವೈಕಲ್ಯವುಳ್ಳವರಿಗೆ ಸ್ವಂತ ಸಹಾಯಕರನ್ನು ಪಡೆಯುವುದು ಕಾನೂನಿನ ಹಕ್ಕು. ಯಾರು ಬರಬೇಕು, ಏನು ಮಾಡಬೇಕು ಎಂದು ಹೇಳುವವರು ಅವರೇ. ನಮ್ಮ 2016ರ ಕಾಯಿದೆಯೂ ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯನ್ನು ಹೇಳುತ್ತದೆ, ಆದರೆ ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ. ಆ 'ಮಿತಿ' ಎಂಬುದರ ಅರ್ಥ ಲೆಕ್ಕ ಬರೆಯುವವರಿಗೆ ಚೆನ್ನಾಗಿ ಗೊತ್ತು.

ಹೀಗಾಗಿ ಡೊಂಬಿವಲಿಯಿಂದ ಬೋರಿವಲಿಯವರೆಗೆ ಈ ಕೆಲಸ ನಮ್ಮ ತಾಯಂದಿರ, ಅಕ್ಕಂದಿರ ಪಾಲು. ಸಂಬಳವಿಲ್ಲ, ರಜೆಯಿಲ್ಲ. ಊರಿನಲ್ಲಾದರೆ ನೆರೆಯವರು ಒಂದು ಗಳಿಗೆ ನೋಡಿಕೊಂಡಾರು. ಇಲ್ಲಿ ಎಲ್ಲರೂ ಲೋಕಲ್ ಹಿಡಿಯಲು ಓಡುವವರೇ. ಲೋಕಲಿನಲ್ಲಿ ಅಂಗವಿಕಲರಿಗೆ ಬೇರೆ ಡಬ್ಬಿಯೇನೋ ಇದೆ. ಮನೆಯಿಂದ ಆ ಡಬ್ಬಿಯವರೆಗೆ ಜೊತೆಗೆ ಯಾರು?

ನನ್ನ ಸೂಚನೆ ಇಷ್ಟೇ: ಸಂಘದ ತರುಣರು ತಿಂಗಳಿಗೊಂದು ಭಾನುವಾರವನ್ನು ಇಂಥ ಮನೆಗಳಿಗೆ ಕೊಡಲಿ. ಹೋದಾಗ ಮನೆಯವರನ್ನಲ್ಲ, ಮೊದಲು ಅವರನ್ನೇ ಕೇಳಲಿ, ಇವತ್ತು ಎಲ್ಲಿಗೆ ಹೋಗಬೇಕೆಂದು. ಹೆಸರು ಕೊಡುವವರಿಗಾಗಿ ಬಾಗಿಲ ಬಳಿ ಪುಸ್ತಕವಿಟ್ಟಿದ್ದೇನೆ.