ಹೊಲ ಊರಲ್ಲಿ, ಉತಾರ ಯಾರಲ್ಲಿ?

(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಊರಿನ ರೈತ ಹಳೆಯ ಬೆಳೆಯನ್ನೇ ಹಿಡಿದು ಕೂತಿದ್ದಾನೆ, ಹೊಸದಕ್ಕೆ ಕೈಹಾಕುವುದಿಲ್ಲ ಎಂದು ನಾವು ಸೂರತ್ತಿನಲ್ಲಿ ಕುಳಿತು ಆಡಿಕೊಳ್ಳುವುದುಂಟು. ಬ್ಯಾಂಕಿನ ಗುಮಾಸ್ತನಾದ ನನಗೆ ಈ ಮಾತು ಅಷ್ಟು ಸರಿಯೆನಿಸದು.

ಇಲ್ಲಿಯೇ ಬಾರ್ಡೋಲಿಯ ಕಡೆ ನೋಡಿರಿ. ಕಾಕರಾಪಾರ ಕಾಲುವೆಯ ನೀರು ಬಂದ ಮೇಲೆ, 1972ರಲ್ಲಿ ಉಕಾಯಿ ಅಣೆಕಟ್ಟಾದ ಮೇಲಂತೂ, ಕಬ್ಬು ನೆಲೆಯೂರಿತು. ಸಹಕಾರಿ ಕಾರ್ಖಾನೆಯವರೇ ಕೂಲಿಯಾಳುಗಳನ್ನು ಕಳಿಸಿ ಕಬ್ಬು ಕಡಿಸಿ ಒಯ್ಯುತ್ತಾರೆ. ಹಣ ಕಂತುಗಳಲ್ಲಿ ಬರುತ್ತದೆ. ಬದನೆಕಾಯಿಯನ್ನು ಹೀಗೆ ಹೊಲಕ್ಕೇ ಬಂದು ಒಯ್ಯುವವರು ಯಾರು? ಅಲ್ಲಿಯ ರೈತನದು ಮೊಂಡುತನವಲ್ಲ, ಲೆಕ್ಕಾಚಾರ. ಆದರೂ ಸ್ವಂತ ಹೊಲವುಳ್ಳವನಿಗೆ ಸಾತ್-ಬಾರದಲ್ಲಿ ಹೆಸರಿದೆ. ಬದಲಿಸುವ ಮನಸ್ಸಾದರೆ ಸಾಲವಾದರೂ ಸಿಕ್ಕೀತು.

ನಮ್ಮ ಹೊಲಗಳ ಕಥೆಯೇ ಬೇರೆ. ನೌಕರಿ, ಹೋಟೆಲು, ವ್ಯಾಪಾರವೆಂದು ನಾವು ಇತ್ತ ಬಂದೆವು. ಹೊಲವನ್ನು ಬಾಯಿಮಾತಿನಲ್ಲೇ ಲಾವಣಿಗೋ ಪಾಲಿಗೋ ಕೊಟ್ಟೆವು. ಪ್ರತಿ ಯುಗಾದಿಗೂ ಹೊಸ ಮಾತು. ಬರೆದುಕೊಡಲು ಅಂಜಿಕೆ. ಅದು ಕಾರಣವಿಲ್ಲದ ಅಂಜಿಕೆಯೂ ಅಲ್ಲ: ಕರ್ನಾಟಕದ 1961ರ ಭೂಸುಧಾರಣಾ ಕಾಯಿದೆಗೆ 1974ರಲ್ಲಿ ಬಂದ ತಿದ್ದುಪಡಿಯು, ಸೈನಿಕರು ನಾವಿಕರಂಥವರ ಹೊರತು, ಗೇಣಿಯನ್ನೇ ನಿಷೇಧಿಸಿತು. ಅದರಿಂದ ಲಕ್ಷಾಂತರ ಗೇಣಿದಾರರು ಹೊಲದೊಡೆಯರಾದರು. ದೊಡ್ಡ ಕೆಲಸವೇ ಸರಿ. ಆದರೆ ಆಮೇಲಿನ ಗೇಣಿ ಮಾತ್ರ ಕಾಗದ ಬಿಟ್ಟು ಬಾಯಿಗೆ ಬಂತು.

ಈಗ ಉಳುವವನ ಕಡೆಯಿಂದ ನೋಡೋಣ. ಮಾವು ಫಲ ಕೊಡಲು ನಾಲ್ಕೈದು ವರ್ಷ ಬೇಕು, ದಾಳಿಂಬೆಗೆ ಎರಡು ಮೂರು. ಬರುವ ಯುಗಾದಿಗೆ ಹೊಲ ತನ್ನ ಕೈಯಲ್ಲಿದ್ದೀತೋ ಇಲ್ಲವೋ ಅರಿಯದವನು ಸಸಿ ನೆಟ್ಟಾನೆಯೇ, ಬದುವನ್ನಾದರೂ ಹಾಕಿಸಿಯಾನೆಯೇ? ಜೋಳ, ಕಡಲೆ ಬಿತ್ತಿ ಆ ವರ್ಷದ್ದನ್ನು ಆ ವರ್ಷವೇ ಮನೆಗೆ ತರುತ್ತಾನೆ. ಬಾಯಿಮಾತಿನ ಗೇಣಿದಾರನಿಗೂ ಕಿಸಾನ್ ಕ್ರೆಡಿಟ್ ಕಾರ್ಡು ಕೊಡಬಹುದೆಂದು ನಿಯಮವೇನೋ ಉಂಟು. ಮೇಜಿನ ಮುಂದೆ ನಿಂತಾಗ ಮೊದಲು ಕೇಳುವುದು ಉತಾರವನ್ನೇ!

ಆ ಉತಾರದಲ್ಲಿ ನಮ್ಮ ಹೆಸರಾದರೂ ಇದೆಯೆ? ಎಷ್ಟೋ ಮನೆಗಳಲ್ಲಿ ತೀರಿಹೋದ ಅಜ್ಜನ ಹೆಸರೇ ಉಳಿದಿದೆ. ಅಣ್ಣತಮ್ಮಂದಿರ ಪೋಡಿಯೂ ಆಗಿಲ್ಲ. ಅಂದ ಮೇಲೆ ಉಳುವವನಿಗೂ ಸಾಲವಿಲ್ಲ, ನಮಗೂ ಇಲ್ಲ.

ಒಡೆತನಕ್ಕೆ ಧಕ್ಕೆಯಾಗದಂತೆ ಗೇಣಿಗೆ ಬರೆದುಕೊಡುವ ಮಾದರಿ ಕಾಯಿದೆಯೊಂದನ್ನು ನೀತಿ ಆಯೋಗ 2016ರಲ್ಲಿ ರಾಜ್ಯಗಳ ಮುಂದಿಟ್ಟಿತು. ಅದು ಸರಕಾರದ ಮಾತು. ನಮ್ಮ ಕೈಲಾಗುವುದು ಪೌತಿ ಖಾತೆ. ಬರುವ ರಜೆಯಲ್ಲಿ ಊರಿಗೆ ಹೋಗುವವರು ಮರಣದ ದಾಖಲೆ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಒಂದು ದಿನ ಮೀಸಲಿಡಬೇಕು. ಹೆಸರು ಬಂದರೆ ಗಿಡದ ಸಾಲವನ್ನು ನಾವೇ ಎತ್ತಬಹುದು. ಕಾಗದಪತ್ರಗಳ ವಿಷಯ ಕೇಳುವವರು ಸಭೆ ಮುಗಿದ ಮೇಲೆ ನನ್ನನ್ನು ಕಾಣಬಹುದು.